ಏಣಿಯ ಕೆಳಗಿನ ಅಗುಳು

"ಇನ್ನೊಂದು ಚೊಂಬು ಬಿಸಿನೀರು" ಎಂದ ಇನ್ಸ್‌ಪೆಕ್ಟರ್ ರಂಗನಾಯಕ, ಮೇಜಿನಿಂದ ತಲೆಯೆತ್ತದೆ.

ಚಾಮರಾಜನಗರದ ಅಮಲ್ದಾರ್ ಗುರುಪಾದಸ್ವಾಮಿಗಳು ಗೋಡೆಯ ಗಡಿಯಾರ ನೋಡಿದರು, ಬಾಗಿಲು ನೋಡಿದರು, ಕೊನೆಗೆ ಜವಾನನನ್ನು ನೋಡಿದರು. ಜವಾನ ಚೊಂಬು ಹಿಡಿದು ಓಡಿದ.

"ಅಲ್ಲ ಸ್ವಾಮಿ, ಸರ್ಕಾರದ ಮತಪೆಟ್ಟಿಗೆಗೆ ಅಭ್ಯಂಜನ ಮಾಡಿಸೋ ವಿದ್ಯೆ ಯಾವ ಪೊಲೀಸ್ ಶಾಲೇಲಿ ಕಲಿಸ್ತಾರೆ? ಅರಗಿನ ಮುದ್ರೆ ಸರಿಯಾಗಿತ್ತು. ನಾನೇ ಕಣ್ಣಾರೆ ನೋಡಿ ಒಡೆಸಿದೀನಿ. ಇನ್ನೇನು ಹುಡುಕ್ತಿದೀರಿ?"

"ಮುದ್ರೆ ಒಡೀದೆ ಕಳ್ಳತನ ಮಾಡೋ ದಾರಿ ಹುಡುಕ್ತಿದೀನಿ."

ಮೇಜಿನ ಮೇಲಿದ್ದವು ಭೀಮನಬೀಡಿನ ಮತಗಟ್ಟೆಯ ಎರಡೇ ಎರಡು ಕಬ್ಬಿಣದ ಪೆಟ್ಟಿಗೆಗಳು. ಒಂದರ ಮೈಗೆ ಏಣಿಯ ಚಿತ್ರದ ಚೀಟಿ, ಇನ್ನೊಂದಕ್ಕೆ ತಕ್ಕಡಿಯ ಚಿತ್ರದ ಚೀಟಿ. ಆಗಿನ ಚುನಾವಣೆಯಲ್ಲಿ ಮುದ್ರೆ ಒತ್ತುವ ತಾಪತ್ರಯವಿರಲಿಲ್ಲ. ಹುರಿಯಾಳಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿತ್ರ. ಪರದೆಯ ಹಿಂದೆ ಹೋಗಿ, ಬೇಕಾದ ಚಿತ್ರದ ಪೆಟ್ಟಿಗೆಗೆ ಕಾಗದ ಹಾಕಿ ಬಂದರೆ ಮುಗಿಯಿತು. ದಿಲ್ಲಿಯ ಲೋಕಸಭೆಗೆ ಯಾರು ಹೋಗಬೇಕೆಂಬುದನ್ನು ಓದು ಬಾರದ ಮುದುಕಿಯೂ ತನ್ನ ಕೈಯಾರೆ ಹೇಳಬಹುದಾಗಿತ್ತು.

ಹೇಳಿದ್ದೂ ಆಗಿತ್ತು. ಏಣಿಯ ಮರಿಮಲ್ಲಪ್ಪ ತಕ್ಕಡಿಯ ಶಿವರುದ್ರಸ್ವಾಮಿಯನ್ನು ಮೂವತ್ತೇಳು ಮತಗಳಿಂದ ಹಿಂದಿಕ್ಕಿದ್ದ. ಲಕ್ಷ ಲಕ್ಷ ಜನ ಸಾಲು ನಿಂತ ಚುನಾವಣೆಯಲ್ಲಿ ಮೂವತ್ತೇಳು! ಒಂದು ಮದುವೆಯ ಪಂಕ್ತಿಗೂ ಸಾಲದ ಜನ.

ಅಷ್ಟರಲ್ಲಿ ಭೀಮನಬೀಡಿನ ಚಿಕ್ಕಮಾದಮ್ಮ ಈ ಕಚೇರಿಯ ಮುಂದೆ ಬಂದು ಎದೆ ಬಡಿದುಕೊಂಡಿದ್ದಳು. ತಕ್ಕಡಿ ಗೆಲ್ಲಲೆಂದು ಮಾದಪ್ಪನಿಗೆ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಕಾಸು ಮಡಿಸಿ, ಮುಡಿಪನ್ನು ಮತಕಾಗದದ ಜೊತೆಯಲ್ಲೇ ಪೆಟ್ಟಿಗೆಗೆ ಹಾಕಿದ್ದಳು, ದೇವರ ಹುಂಡಿಗೆ ಹಾಕುವ ಹಾಗೆ. ಎಣಿಕೆಯ ದಿನ ಆ ಮುಡಿಪು ಏಣಿಯ ಪೆಟ್ಟಿಗೆಯಿಂದ ಉದುರಿತ್ತು. "ಮಾದಪ್ಪನ್ ಮುಡಿಪ ನಾನ್ಯಾಕೆ ಏಣಿಗಾಕ್ಲಿ? ನನ್ ಕಣ್ಣೇನ್ ಇಂಗೋಗದಾ?" ಎಂದು ಅವಳು ಕೂಗಿದ ಕೂಗಿಗೆ ಎಣಿಕೆ ಮಾಡಿದವರು ನಕ್ಕಿದ್ದರು. ರಂಗನಾಯಕ ನಗಲಿಲ್ಲ. ಹರಕೆಯ ವಿಷಯದಲ್ಲಿ ನಮ್ಮ ಸೀಮೆಯ ಮುದುಕಿಯರು ತಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನ ತಾಯಿಯೂ ಅಂಥವಳೇ.

ಬಿಸಿನೀರು ಬಂತು. ಬಟ್ಟೆ ಅದ್ದಿ ಏಣಿಯ ಚೀಟಿಯ ಮೇಲೆ ಇಟ್ಟ. ಚೀಟಿಯ ಅಂಚು ಸಡಿಲವಾಯಿತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದ.

ಚೀಟಿಯ ಬೆನ್ನಿಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಬೆರಳಿಗೆ ತೆಗೆದುಕೊಂಡು ಹಿಸುಕಿದ.

"ಅಗುಳು."

"ಏನು?"

"ಅನ್ನದ ಅಗುಳು ಸ್ವಾಮಿ. ಬೇರೆ ಊರಿನ ಪೆಟ್ಟಿಗೆಗಳನ್ನೆಲ್ಲ ಆಗಲೇ ನೋಡಿದೆ. ಎಲ್ಲದಕ್ಕೂ ಸರ್ಕಾರದ ಗೋಂದು. ಭೀಮನಬೀಡಿನ ಈ ಎರಡಕ್ಕೆ ಮಾತ್ರ ಅನ್ನ."

"ಅದರಲ್ಲೇನು ವಿಶೇಷ? ನಮ್ಮ ಮನೇಲಿ ಲಕೋಟೆಗೆ ನಾನೂ ಅನ್ನವನ್ನೇ ಅಂಟಿಸೋದು."

"ನಿಮ್ಮ ಮನೇಲಿ ದಿನಾ ಅನ್ನ. ಭೀಮನಬೀಡಿನಲ್ಲಿ ದಿನಾ ಮುದ್ದೆ. ಅಲ್ಲಿ ಅನ್ನ ಕಾಣೋದು ಹಬ್ಬಕ್ಕೆ, ಇಲ್ಲಾ ನೆಂಟರು ಬಂದಾಗ."

ಅಮಲ್ದಾರರು ಕನ್ನಡಕ ಹಾಕಿಕೊಂಡರು. ರಂಗನಾಯಕ ಪೆಟ್ಟಿಗೆಯ ಮೈಯನ್ನು ಬೆಳಕಿಗೆ ತಿರುಗಿಸಿದ. ಏಣಿಯ ಚೀಟಿ ಇದ್ದ ಜಾಗದಲ್ಲಿ, ಕಬ್ಬಿಣಕ್ಕೆ, ಹೆಬ್ಬೆರಳಿನ ಉಗುರಿನಷ್ಟು ಕಾಗದದ ಚೂರು ಅಂಟಿತ್ತು. ಅದರ ಮೇಲೆ ತಕ್ಕಡಿಯ ಬಟ್ಟಲಿನ ಅಂಚು. ಇನ್ನೊಂದು ಪೆಟ್ಟಿಗೆಯ ತಕ್ಕಡಿಯ ಚೀಟಿಯಲ್ಲಿ ಆ ಮೂಲೆಯೇ ಹರಿದುಹೋಗಿತ್ತು. ಚೂರನ್ನು ಹಿಡಿದು ನೋಡಿದ. ಸರಿಯಾಗಿ ಕೂತಿತು.

"ನೋಡಿ. ತಕ್ಕಡಿಯ ಚಿತ್ರ ಒಂದಷ್ಟು ಹೊತ್ತು ಏಣಿಯ ಪೆಟ್ಟಿಗೆ ಮೇಲಿತ್ತು. ಏಣಿಯದು ತಕ್ಕಡಿ ಮೇಲಿತ್ತು. ಆ ಹೊತ್ತಿನಲ್ಲಿ ಹೋದೋರೆಲ್ಲ ಚಿತ್ರ ನೋಡಿ ಸರಿಯಾಗೇ ಹಾಕಿದಾರೆ. ಬಿದ್ದಿದ್ದು ಮಾತ್ರ ಬೇರೆಯೋನ ಪೆಟ್ಟಿಗೆಗೆ. ಆವಾಗ ಬಂದೋರಲ್ಲಿ ತಕ್ಕಡಿಯೋರೇ ಹೆಚ್ಚಿದ್ರೆ ಮೂವತ್ತೇಳು ಓಟು ತಿರುಗೋಕೆ ಎಷ್ಟು ಹೊತ್ತು? ಪೆಟ್ಟಿಗೆ ಒಳಗೂ ಒಂದು ಚಿತ್ರ ಇರುತ್ತಲ್ಲ, ಎಣಿಕೇಲಿ ಅದಕ್ಕೆ ತಾಳೆಯಾಗಬೇಕು. ಅದಕ್ಕೇ ಸಂಜೆಯೊಳಗೆ ಮತ್ತೆ ಕಿತ್ತು ಮೊದಲಿನ ಹಾಗೆ ಅಂಟಿಸಿದಾರೆ. ಎರಡು ಸಲದ ಕೆಲಸ ಇದು. ಈ ಚೂರಿನ ಕೆಳಗೂ ಅಗುಳಿದೆ, ಮೇಲೂ ಅಗುಳಿದೆ."

ಅಮಲ್ದಾರರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವರ ಮುಖ ಬೆಳಗಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ.

"ಹಾಗಾದ್ರೆ ಮುಗೀತಲ್ಲ! ಪರದೆ ಹಿಂದೆ ಮತ್ತೆ ಮತ್ತೆ ಹೋಗೋ ಹಕ್ಕಿದ್ದದ್ದು ಮತಗಟ್ಟೆಯ ಅಧಿಕಾರಿಗೆ. ಕರಿಬಸವಯ್ಯ ನಿಮ್ಮ ಠಾಣೇಲೇ ಕೂತಿದಾನೆ. ನಾಳೆ ಬೆಳಗಿನ ರೈಲಿಗೆ ಮೈಸೂರಿನಿಂದ ಸಾಹೇಬರು ಬರ್ತಾರೆ. ಆಪಾದನೆ ಬರೆದು ಕೈಗೆ ಕೊಟ್ಟುಬಿಡಿ. ಆ ಮರಿಮಲ್ಲಪ್ಪನ ಕಡೆಯೋರು ವಾಲಗದವರನ್ನ ಎರಡು ದಿನದಿಂದ ಕೂರಿಸಿಕೊಂಡಿದಾರೆ."

ರಂಗನಾಯಕ ಒದ್ದೆ ಬಟ್ಟೆಯನ್ನು ಹಿಂಡಿ ಚೊಂಬಿನ ಮೇಲೆ ಹಾಕಿದ. ಕರಿಬಸವಯ್ಯ ಹರದನಹಳ್ಳಿಯ ಹೆಡ್‌ಮಾಸ್ತರು. ನಾಯಕರ ಕೇರಿಯ ಹುಡುಗನನ್ನು ಕಿವಿ ಹಿಡಿದು ಒಳಗೆ ಕರೆತಂದು, ಎಲ್ಲರ ಜೊತೆ ಒಂದೇ ಚಾಪೆಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದವರು. ಆ ಹುಡುಗನೇ ಈಗ ಇನ್ಸ್‌ಪೆಕ್ಟರಾಗಿ ಅವರ ಕೋಣೆಗೆ ಬೀಗ ಹಾಕಿಸಿದ್ದ. ನಾಳೆ ಆಪಾದನೆ ಹೋದರೆ ಮೇಷ್ಟ್ರ ಕೆಲಸ ಹೋಗುತ್ತದೆ, ಜೈಲಾಗುತ್ತದೆ, ಮೂವತ್ತು ವರ್ಷದ ಹೆಸರು ಒಂದು ಬೆಳಗಿನಲ್ಲಿ ಮಣ್ಣಾಗುತ್ತದೆ.

*

ಠಾಣೆಯ ಕೋಣೆಯಲ್ಲಿ ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಮುಂದೆ ಉಪ್ಪಿಟ್ಟಿನ ತಟ್ಟೆ ಹಾಗೇ ಇತ್ತು. ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಎದೆ ಯಾಕೋ ಬರಿದಾದಂತೆ ಕಂಡಿತು. ಏನು ಕಡಿಮೆಯಾಗಿದೆಯೆಂದು ರಂಗನಾಯಕನಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

"ಯಾಕೆ ಮೇಷ್ಟ್ರೇ, ತಿಂದಿಲ್ಲ?"

"ಇವತ್ತು ಸೋಮವಾರ ಕಣಪ್ಪ."

ರಂಗನಾಯಕ ಕಂಬಿ ಹಿಡಿದು ನಿಂತುಬಿಟ್ಟ. ಸೋಮವಾರ! ಮತ ಹಾಕಿದ್ದೂ ಹೋದ ಸೋಮವಾರವೇ.

"ಹೋದ ಸೋಮವಾರ ಭೀಮನಬೀಡಿನಲ್ಲಿ ಏನು ಉಂಡಿರಿ?"

"ಸೋಮವಾರ ಯಾವ ಊರಲ್ಲಿದ್ರೂ ಸೋಮವಾರವೇ. ಸೂರ್ಯ ಮುಳುಗಿ ಪೂಜೆ ಆಗೋವರೆಗೂ ನಾನು ಏನೂ ಮುಟ್ಟಲ್ಲ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಶಾಲೆಯಲ್ಲಿ ಸೋಮವಾರ ಮೇಷ್ಟ್ರ ಬೆತ್ತ ಮೆತ್ತಗಿರುತ್ತದೆಂದು ಹುಡುಗರಿಗೆಲ್ಲ ಗೊತ್ತಿತ್ತು. ಹಸಿದ ಕೈಯಲ್ಲಿ ಬಲವೆಲ್ಲಿ!

"ಹಾಗಾದ್ರೆ ಆವತ್ತು ಅನ್ನ ನಿಮ್ಮ ಹತ್ತಿರ ಸುಳಿದಿರಲಿಲ್ಲ" ಎಂದ ರಂಗನಾಯಕ. ಅವನ ದನಿ ಸಂತೋಷಕ್ಕೆ ಒಡೆಯಿತು. "ಚೀಟಿಗಳನ್ನ ಕಿತ್ತು ಅನ್ನ ಹಚ್ಚಿ ಅಂಟಿಸಿದಾರೆ ಮೇಷ್ಟ್ರೇ. ಅನ್ನ ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಕಳ್ಳ ಸಿಕ್ಕಿದ. ನಾನು ಈಗಲೇ ಹೊರಟೆ."

ಆದರೆ ಮೇಷ್ಟ್ರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವರು ಎದ್ದು ಕಂಬಿಯ ಹತ್ತಿರ ಬಂದರು.

"ಹುಡುಕಬೇಡ ಕಣಪ್ಪ. ತಪ್ಪು ನಂದು ಅಂತ ಬರೆದುಕೊಡ್ತೀನಿ. ಕಾಗದ ತಾ."

"ಮಾಡದೇ ಇರೋ ತಪ್ಪನ್ನ ಬರೆಯೋಕೆ ನೀವು ನನಗೆ ಅಕ್ಷರ ಕಲಿಸಲಿಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು. ರಂಗನಾಯಕ ಅದನ್ನು ಒಳ್ಳೆಯ ಮನುಷ್ಯನ ಬೇಸರವೆಂದುಕೊಂಡ. ಪೊಲೀಸಿನವನಿಗೆ ಪ್ರೀತಿ ಬಂದರೆ ಒಂದು ಕಣ್ಣು ಮಂಜಾಗುತ್ತದೆ.

ಹೊರಗೆ ಬಂದು ಹೆಡ್ ಕಾನ್‌ಸ್ಟೇಬಲ್ ಶಿವಣ್ಣನನ್ನು ಕರೆದ. "ಶಿವಣ್ಣ, ಮೇಷ್ಟ್ರು ಉಪವಾಸ ಬಿಡೋದು ಸಂಜೆ ಪೂಜೆ ಆದ ಮೇಲೆ. ದೀಪ ಹಚ್ಚೋ ಹೊತ್ತಿಗೆ ಬೀಗ ತೆಗೆದು ಮನೆಗೆ ಕಳಿಸು. ಹರದನಹಳ್ಳಿ ಇಲ್ಲೇ ಇದೆ, ನಡ್ಕೊಂಡು ಹೋಗ್ತಾರೆ. ಜವಾಬ್ದಾರಿ ನಂದು, ಸಹಿ ಹಾಕಿದೀನಿ."

"ಸರಿ ಬುಡಿ ಸಾರ್. ದೀಪ ಹಚ್ತಿದ್ದಂಗೇ ಕಳುಸ್ಬುಡ್ತೀನಿ."

ಠಾಣೆಯ ಜಗಲಿಯಲ್ಲಿ ಮೇಷ್ಟ್ರ ಮಗಳು ಚಂದ್ರಮತಿ ನಿಂತಿದ್ದಳು. ಕುದೇರಿನ ಶಾಲೆಯಲ್ಲಿ ಟೀಚರು. ಓದಿದ ಹೆಂಗಸರು ಸಿಗುವುದೇ ಕಷ್ಟವಾದ್ದರಿಂದ, ಭೀಮನಬೀಡಿನ ಮತಗಟ್ಟೆಯಲ್ಲಿ ಹೆಂಗಸರ ಸಾಲು ನೋಡಿಕೊಳ್ಳಲು ತಂದೆಯ ಜೊತೆ ಅವಳನ್ನೂ ಹಾಕಿದ್ದರು. ಬೆಳಿಗ್ಗೆಯಿಂದ ಅವಳು ಅಲ್ಲೇ ನಿಂತಿದ್ದಳು. ಎದೆಗೊಂದು ಸಣ್ಣ ಬಟ್ಟೆಯ ಗಂಟು ಅವುಚಿಕೊಂಡಿದ್ದಳು.

"ನೀವೂ ಬನ್ನಿ, ಆವತ್ತು ಯಾರು ಎಲ್ಲಿ ಕೂತಿದ್ರು ಅಂತ ತೋರಿಸಬೇಕು. ಧೈರ್ಯವಾಗಿರಿ. ನಿಮ್ಮಪ್ಪ ಇವತ್ತು ಸಂಜೆ ಮನೇಲಿರ್ತಾರೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸುಮ್ಮನೆ ಬಂದು ಜೀಪು ಹತ್ತಿದಳು.

*

ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಸೇರುವವರೆಗೂ ಅವಳು ಗಂಟನ್ನು ಅವುಚಿಕೊಂಡೇ ಕೂತಿದ್ದಳು. ದಾರಿಯ ಗೋಡೆಗಳ ಮೇಲೆ ಏಣಿ, ತಕ್ಕಡಿ, ಮತ್ತೆ ಏಣಿ. ಸುಣ್ಣದಲ್ಲಿ ಬರೆದದ್ದು ಇನ್ನೂ ಮಾಸಿರಲಿಲ್ಲ.

ಭೀಮನಬೀಡಿನ ಚಾವಡಿಯೇ ಮತಗಟ್ಟೆಯಾಗಿತ್ತು. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಬಾಗಿಲಿಗೆ ಪರದೆ ಕಟ್ಟಿದ್ದ ಮೊಳೆಗಳು ಹಾಗೇ ಇದ್ದವು. ರಂಗನಾಯಕ ಒಳಗೆ ಹೋಗಿ ನಿಂತ. ಹಗಲಲ್ಲೇ ಕೈ ಕಾಣುತ್ತಿರಲಿಲ್ಲ.

"ಇಷ್ಟು ಕತ್ತಲೇಲಿ ಚಿತ್ರ ಹೇಗೆ ಕಾಣಿಸ್ತಿತ್ತು?"

"ಪೆಟ್ಟಿಗೆಗಳ ಮಧ್ಯೆ ಲಾಟೀನು ಇಟ್ಟಿದ್ವಿ."

"ಬತ್ತಿ ಏರಿಸೋಕೆ, ಎಣ್ಣೆ ಹಾಕೋಕೆ ಒಳಗೆ ಯಾರು ಬರ್ತಿದ್ರು?"

"ಯಾರಾದ್ರೂ... ಆವಾಗ ಇದ್ದೋರು" ಎಂದು ಚಂದ್ರಮತಿ ಹೊರಗೆ ಹೋಗಿ ಜೀಪಿನಲ್ಲಿ ಕೂತಳು. ಬಿಸಿಲಿಗೆ ತಲೆ ಸುತ್ತಿರಬೇಕೆಂದು ರಂಗನಾಯಕ ಅಂದುಕೊಂಡ. ಹೊತ್ತು ಆಗಲೇ ಇಳಿಯುತ್ತಿತ್ತು.

ಚಾವಡಿಯ ಎದುರಿಗೇ ಪಟೇಲ ಶಾಂತಮಲ್ಲಪ್ಪನ ಮನೆ. ಮರಿಮಲ್ಲಪ್ಪನ ಹತ್ತಿರದ ನೆಂಟ, ಏಣಿಯ ಪಕ್ಷಕ್ಕೆ ಊರೂರು ಸುತ್ತಿದವನು. ಪಟೇಲ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡು ಎದ್ದ, ಆದರೆ ಅವಸರವಾಗಿ ಏಳಲಿಲ್ಲ.

"ಪಟೇಲ್ರೇ, ಹೋದ ಸೋಮವಾರ ನಿಮ್ಮನೇಲಿ ಅನ್ನ ಮಾಡಿದ್ರಾ?"

"ಮಾಡುಸ್ದೆ. ಅನ್ನ ಮಾಡೋದೂ ಕಾನೂನ್ಗೆ ತಪ್ಪಾ? ಸರ್ಕಾರದೋರು ಊರ್ಗೆ ಬಂದವ್ರೆ, ಮುದ್ದೆ ಇಕ್ಕಕಾಯ್ತದಾ?"

"ಊರಲ್ಲಿ ಬೇರೆ ಯಾರ ಮನೇಲಾದ್ರೂ?"

"ಯಾರ ಮನೇಲೂ ಇಲ್ಲ. ಆವತ್ತೇನ್ ಹಬ್ಬವಾ?"

"ಯಾರ್ಯಾರು ಉಂಡ್ರು?"

"ಗುಮಾಸ್ತ, ಪೇದೆ, ಏಣಿ ಕಡೆ ಏಜೆಂಟು, ತಕ್ಕಡಿ ಕಡೆ ಏಜೆಂಟು. ಇಬ್ರುನ್ನೂ ಒಂದೇ ಪಂಕ್ತೀಲಿ ಕೂರುಸ್ದೆ. ಓಟು ಬ್ಯಾರೆ, ಊಟ ಬ್ಯಾರೆ. ಆ ಮೇಷ್ಟ್ರುನ್ನೂ ಕರುದ್ರೆ ಸ್ವಾಮಾರ ಅಂದ್ರು. ನಾನೂ ಬಲವಂತ ಮಾಡ್ನಿಲ್ಲ."

"ಉಂಡೋರಲ್ಲಿ ಯಾರಾದ್ರೂ ಅನ್ನ ಹೊರಗೆ ತಗೊಂಡು ಹೋದ್ರಾ?"

"ಎಂಜಲನ್ನ ಯಾರ್ ತಕ್ಕೊಂಡೋದಾರು? ಕೈ ತೊಳುದ್ರು, ಎಲೆ ಎತ್ತಿ ಹಸೀನ್ ಮುಂದಕ್ಕಾಕುದ್ರು, ಓದ್ರು."

ರಂಗನಾಯಕ ಜಗಲಿಯ ಮೇಲೆ ಒಂದು ಕಾಲಿಟ್ಟ. "ಕೇಳಿ ಪಟೇಲ್ರೇ. ನಿಮ್ಮ ಅಡಿಗೆಮನೆಯಿಂದ ಒಂದು ಹಿಡಿ ಅನ್ನ ಚಾವಡಿ ಪರದೆ ಹಿಂದಕ್ಕೆ ಹೋಗಿದೆ. ಅನ್ನಕ್ಕೆ ಕಾಲಿಲ್ಲ. ಆ ಅನ್ನದಿಂದ ತಕ್ಕಡಿ ಓಟು ಏಣಿಗೆ ಬಿದ್ದಿದೆ. ಗೆದ್ದೋನು ನಿಮ್ಮ ನೆಂಟ. ನಾನು ಏನು ತಿಳ್ಕೋಬೇಕು?"

ಪಟೇಲನ ಮುಖ ಕೆಂಪಾಯಿತು. ಎಲೆಯನ್ನು ಬಿಸಾಡಿದ.

"ಏನ್ ತಿಳ್ಕತೀಯೋ ತಿಳ್ಕೊ! ಮರಿಮಲ್ಲಪ್ಪ ನನ್ ಸೋದರತ್ತೆ ಮಗ, ಊರ್ಗೇ ಗೊತ್ತು. ಅವ್ನು ಗೆಲ್ಲಿ ಅಂತ ಬಾಯ್ಬುಟ್ಟು ಕೇಳಿವ್ನಿ. ಕಾಲ್ ಹಿಡಿದೂ ಕೇಳಿವ್ನಿ. ಕದ್ದಿಲ್ಲ."

"ಎಲ್ಲ ಕಳ್ಳರೂ ಹೀಗೇ ಹೇಳ್ತಾರೆ."

ಶಾಂತಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದ. ಅಂಗಿಯೊಳಗೆ ಕೈ ಹಾಕಿ, ಶಿವದಾರದಲ್ಲಿ ನೇತಾಡುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. ಲಿಂಗ ಅದರೊಳಗಿತ್ತು.

"ಇಕಾ, ನೋಡು. ಹುಟ್ಟಿದ್ ಮಗೀಗೆ ಕಟ್ತೀವಿ ಇದ್ನ, ಗುಣಿಗೂ ಇದ್ರ ಜೊತೆಲೇ ಓಯ್ತೀವಿ. ಎದೆ ಮೇಲಿಂದ ಇದ್ನ ಇಳುಸ್ಬುಟ್ಟೋನು ಬದುಕೋ ಆಸೆ ಬುಟ್ಟವ್ನೆ ಅಂತ್ಲೇ ಲೆಕ್ಕ. ಇದ್ರ ಮ್ಯಾಲಾಣೆ, ನಾನ್ ಆ ಪರದೆ ಹಿಂದಕ್ಕೆ ಬೆಳಿಗ್ಗೆ ಓಟಾಕಕ್ ಓಗಿದ್ದೇ ಕೊನೆ."

ರಂಗನಾಯಕ ಅವನ ಕಣ್ಣನ್ನೇ ನೋಡಿದ. ಸುಳ್ಳು ಹೇಳುವವರ ಕಣ್ಣು ಅವನಿಗೆ ಚೆನ್ನಾಗಿ ಪರಿಚಯ. ಇದು ಅದಲ್ಲ. ಬೇಸರವಾಯಿತು, ಸಿಟ್ಟೂ ಬಂತು. ಕಳ್ಳನೆಂದು ಮನಸ್ಸಿನಲ್ಲಿ ಬರೆದುಕೊಂಡವನು ಕಳ್ಳನಲ್ಲದಿದ್ದರೆ ಯಾವ ಪೊಲೀಸಿಗೂ ಹಿತವಾಗುವುದಿಲ್ಲ.

ಆಗ ಬಾಗಿಲ ಮರೆಯಿಂದ ಪಟೇಲನ ಹೆಂಡತಿ ದೊಡ್ಡಮಲ್ಲಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ಅನ್ನ ಓಗಿದ್ದು ನಿಜ ಕಣಪ್ಪ. ಅವ್ರನ್ಯಾಕ್ ಬೈದೀಯೆ, ಅವ್ರಿಗ್ ಗೊತ್ತಿಲ್ಲ. ನಾನೇ ಕೊಟ್ಟೆ."

"ಯಾರಿಗೆ ಕೊಟ್ರಿ ತಾಯಿ?"

"ಆ ಮಗೀಗೆ. ಈಗ ನಿಮ್ ಜೀಪ್ನಲ್ಲಿ ಕುಂತದಲ್ಲ, ಮೇಷ್ಟ್ರ ಮಗಳು. ಉಂಡೋರೆಲ್ಲ ಎದ್ದೋದ್ ಮ್ಯಾಲೆ ಹಿತ್ಲು ಬಾಗ್ಲಿಗೆ ಬಂದ್ಲು. 'ನಮ್ಮಪ್ಪಂಗೆ ಒಂದ್ ಹಿಡಿ ಅನ್ನ ಕೊಡಿ ಅವ್ವ' ಅಂದ್ಲು. ಮುತ್ತುಗದೆಲೆಗೆ ಹಾಕ್ಕೊಟ್ಟೆ. ಸಾರ್ ಬುಟ್ಕೊಡ್ತೀನಿ ತಾಳವ್ವ ಅಂದ್ರೆ, ಬ್ಯಾಡ ಬ್ಯಾಡ ಅಂದ್ಬುಟ್ಟು ಓಡೋದ್ಲು. ಬರೀ ಅನ್ನವ ಆವಯ್ಯ ಹೆಂಗುಂಡಾರು ಅಂತ ನಂಗೆ ಹೊಟ್ಟೆ ಉರೀತು ಕಣಪ್ಪ."

ಪಟೇಲನಿಗೂ ಅರ್ಥವಾಗಿತ್ತು. ಸೋಮವಾರ ಉಪವಾಸವಿದ್ದ ತಂದೆಗೆ ಮಗಳು ಅನ್ನ ಕೇಳಿದ್ದಳು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಅನ್ನುತ್ತಾರೆ. ರಂಗನಾಯಕನಿಗೆ ಆ ಒಂದಗುಳು ಗಂಟಲಲ್ಲೇ ಸಿಕ್ಕಿಕೊಂಡಿತು.

*

ಡ್ರೈವರನ್ನು ದೂರ ಕಳಿಸಿ ಅವನು ಜೀಪಿನ ಪಕ್ಕ ನಿಂತ. ಚಂದ್ರಮತಿ ಅವನ ಮುಖ ನೋಡಿದಳು. ಕೇಳುವುದಕ್ಕೆ ಮುಂಚೆಯೇ ಅವಳ ಕಣ್ಣು ತುಂಬಿತು.

"ಲಾಟೀನು ನೋಡ್ಕೊಳ್ತಿದ್ದದ್ದು ನಾನೇ ಸಾರ್. ಊಟದ ಹೊತ್ತಲ್ಲಿ ಎಣ್ಣೆ ಹಾಕೋಕೆ ಹೋದೆ. ಎರಡೂ ಚೀಟಿ ನೆಲದ ಮೇಲೆ ಬಿದ್ದಿದ್ವು. ಲಾಟೀನಿನ ಶಾಖಕ್ಕೆ ಗೋಂದು ಬಿಟ್ಟುಹೋಗಿತ್ತು."

"ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಲ್ಲ ನಿಲ್ಲಿಸಿಬಿಡ್ತಿದ್ರು. ಹೊಲದ ಕೆಲಸ ಬಿಟ್ಟು ಬಂದ ಹೆಂಗಸರು ಬಿಸಿಲಲ್ಲಿ ಸಾಲು ನಿಂತಿದ್ರು. ಲಾಟೀನನ್ನ ಅಷ್ಟು ಹತ್ತಿರ ಇಟ್ಟೋಳು ನಾನೇ. ಅಪ್ಪನಿಗೆ ಮೊದಲನೇ ಸಲ ಇಂಥ ದೊಡ್ಡ ಕೆಲಸ ಕೊಟ್ಟಿದ್ರು, ನನ್ನಿಂದ ಕೆಟ್ಟ ಹೆಸರು ಬರೋದು ಬೇಡ ಅಂತ..." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೋಂದಿನ ಸೀಸೆ ಅಪ್ಪನ ಮೇಜಿನ ಮೇಲಿತ್ತು. ಅಂಟಿಗೆ ಅಂತ ಅನ್ನ ಕೇಳೋಕೆ ನಾಚಿಕೆ ಆಯ್ತು, ಅಪ್ಪನಿಗೆ ಅಂದೆ. ಎರಡು ಪೆಟ್ಟಿಗೇನೂ ಒಂದೇ ಥರ ಇದ್ವು ಸಾರ್. ಸರಿಯಾಗೇ ಅಂಟಿಸ್ತಿದೀನಿ ಅಂದ್ಕೊಂಡಿದ್ದೆ. ಆ ಮುಡಿಪಿನ ಅಜ್ಜಿ ಅತ್ತಾಗಲೇ ನನಗೆ ಗೊತ್ತಾಗಿದ್ದು."

ಕಳ್ಳತನವೇ ಅಲ್ಲ! ಅಷ್ಟು ದೊಡ್ಡ ಚುನಾವಣೆ, ಅಷ್ಟು ದೊಡ್ಡ ಮನುಷ್ಯರು, ಅಷ್ಟು ವಾಲಗ. ಎಲ್ಲದರ ಕೆಳಗೆ ಒಂದು ಹುಡುಗಿಯ ಹಿಡಿ ಅನ್ನ. ರಂಗನಾಯಕನಿಗೆ ಅಳುವೋ ನಗುವೋ ತಿಳಿಯಲಿಲ್ಲ.

"ಸರಿ. ಮತ್ತೆ ಕಿತ್ತು ಅದಲು ಬದಲು ಮಾಡಿದ್ದು ಯಾವಾಗ?"

ಚಂದ್ರಮತಿ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ನಿಜವಾದ ಬೆರಗಿತ್ತು.

"ನಾನು ಕೀಳ್ಲಿಲ್ಲ ಸಾರ್. ಅಂಟಿಸಿದ್ದು ಒಂದೇ ಸಲ. ಉಳಿದ ಅನ್ನವನ್ನ ಎಲೆ ಸಮೇತ ಲಾಟೀನಿನ ಪಕ್ಕದಲ್ಲೇ ಬಿಟ್ಟು ಬಂದೆ."

ಚೂರಿನ ಕೆಳಗೂ ಅಗುಳು, ಮೇಲೂ ಅಗುಳು. ಎರಡು ಸಲದ ಕೆಲಸ.

ಪರದೆಯ ಹಿಂದೆ ಹೋಗಬಹುದಾಗಿದ್ದ ಇನ್ನೊಬ್ಬರು ಒಬ್ಬರೇ. ಬೆಳಿಗ್ಗೆ ಒಳಗೂ ಹೊರಗೂ ಚಿತ್ರ ಅಂಟಿಸಿ, ಯಾವ ಪೆಟ್ಟಿಗೆ ಯಾರದೆಂದು ಬಲ್ಲವರು. ಸಂಜೆ ಒಳಗೆ ಹೋಗಿದ್ದಾರೆ, ಚಿತ್ರ ಅದಲು ಬದಲಾದದ್ದನ್ನು ಕಂಡಿದ್ದಾರೆ, ಎಲೆಯ ಮೇಲಿನ ಅನ್ನವನ್ನು ಕಂಡಿದ್ದಾರೆ. ಅಲ್ಲಿಗೆ ಅನ್ನ ತಂದವರು ಯಾರೆಂದು ತಿಳಿಯಲು ಅವರಿಗೆ ಪತ್ತೇದಾರಿಕೆ ಬೇಕಾಗಿರಲಿಲ್ಲ. ಕೂಗಿ ಹೇಳಿದ್ದರೆ ಮಗಳು ಜೈಲಿಗೆ. ಹೇಳದಿದ್ದರೆ ಊರಿನ ಮತ ನೀರಿಗೆ. ಹಸಿದ ಕೈಯಿಂದ ಅದೇ ಅನ್ನವನ್ನು ಹಚ್ಚಿ ಚಿತ್ರಗಳನ್ನು ಸರಿಮಾಡಿದ್ದಾರೆ. ಚಿತ್ರ ಸರಿಹೋಯಿತು, ಒಳಗೆ ಬಿದ್ದ ಕಾಗದ ಸರಿಹೋಗಲಿಲ್ಲ. 'ಹುಡುಕಬೇಡ ಕಣಪ್ಪ' ಎಂದದ್ದು ಅದಕ್ಕೇ.

"ಚಂದ್ರಮತಿ, ನಿಮ್ಮಪ್ಪ ನಿಮಗೇನಾದ್ರೂ ಹೇಳಿದ್ರಾ?"

"ಏನೂ ಹೇಳ್ಲಿಲ್ಲ. ಬೆಳಿಗ್ಗೆ ನೋಡೋಕೆ ಹೋದಾಗ ಇದನ್ನ ಕೊಟ್ರು. 'ಠಾಣೆ ಮೈಲಿಗೆ, ಮನೇಲಿಡು ಮಗಳೇ' ಅಂದ್ರು. ನನಗ್ಯಾಕೋ ಭಯ ಆಯ್ತು ಸಾರ್. ನಿಮಗೆ ಹೇಳೋಣ ಅಂತಾನೇ ನಿಂತಿದ್ದೆ. ಅಪ್ಪ ಸಂಜೆ ಮನೇಲಿರ್ತಾರೆ ಅಂದ್ರಿ ನೀವು..."

ಅವಳು ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ, ಶಿವದಾರ ಸುತ್ತಿದ ಬೆಳ್ಳಿಯ ಕರಡಿಗೆ. ಬರಿದಾಗಿ ಕಂಡ ಎದೆಯಲ್ಲಿ ಏನು ಇರಲಿಲ್ಲವೆಂದು ರಂಗನಾಯಕನಿಗೆ ಈಗ ತಿಳಿಯಿತು. ಅದನ್ನು ಇಳಿಸಿದವನ ಬಗ್ಗೆ ಪಟೇಲ ಆಡಿದ ಮಾತೂ ನೆನಪಾಯಿತು.

"ಡ್ರೈವರ್!" ಎಂದು ಕೂಗಿದ ಅವನ ದನಿಗೆ ಚಾವಡಿಯ ಪಾರಿವಾಳಗಳು ಎದ್ದವು. "ಗುಂಡ್ಲುಪೇಟೆ ಠಾಣೆಗೆ ಹೊಡಿ! ಟೆಲಿಫೋನ್ ಮಾಡಬೇಕು!"

ಡ್ರೈವರ್ ಓಡಿ ಬಂದ. ಎದುರು ಜಗಲಿಯ ಗೂಡಿನಲ್ಲಿ ದೊಡ್ಡಮಲ್ಲಮ್ಮ ಆಗತಾನೆ ದೀಪ ಹಚ್ಚಿಟ್ಟು, ಕೈಮುಗಿದು, ಒಳಗೆ ಹೋಗುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರ ಬೀಗ ತೆಗೆ ಎಂದರೆ, ಶಿವಣ್ಣ ಒಂದು ಗಳಿಗೆ ತಡ ಮಾಡುವವನಲ್ಲ.